ಮಕ್ಕಳ ಬಟ್ಟೆಗೆ ಹಳೆಯ ಸೀರೆಯೋ, ಹಳೆಯ ಷರ್ಟೋ, ಕಿಲೋ ಲೆಕ್ಕದ ಕಟ್‌ಪೀಸೋ?

ಮಗಳ ದಿನಬಳಕೆಯ ಫ್ರಾಕು, ಚಡ್ಡಿಗಳನ್ನು ಹೊಸ ಬಟ್ಟೆ ಕೊಳ್ಳದೆ ಹೊಲಿಯಬೇಕೆಂದು ಹೊರಟಾಗ ನನಗೆ ಕಂಡ ದಾರಿಗಳು ಮೂರು: ಮನೆಯ ಹಳೆಯ ನೂಲಿನ ಸೀರೆ, ಗಂಡಸರ ಹಳೆಯ ಕಾಟನ್ ಷರ್ಟು, ಗಾರ್ಮೆಂಟ್ಸ್‌ನಲ್ಲಿ ಮಿಕ್ಕು ತೂಕದ ಲೆಕ್ಕದಲ್ಲಿ ಮಾರಾಟಕ್ಕೆ ಬರುವ ಕಟ್‌ಪೀಸು. ಮೂರರಲ್ಲೂ ಹೊಲಿದು, ಮಗಳು ತೊಟ್ಟು ಆಡಿದ್ದನ್ನು ನೋಡಿದ ಮೇಲೆ ನನ್ನ ಒಲವು ಷರ್ಟಿನ ಕಡೆಗೇ ಗಟ್ಟಿಯಾಗಿದೆ.

ಕಟ್‌ಪೀಸಿನ ಮಾತನ್ನು ಮೊದಲೇ ಮುಗಿಸುತ್ತೇನೆ. ಅಪ್ಪಟ ಕಾಟನ್ ಎಂದು ಹೇಳಿ ಅಂಗಡಿಯವರು ತೂಗಿಕೊಟ್ಟ ಗಂಟಿನ ತುಂಡುಗಳಿಂದ ಒಂದೊಂದು ಎಳೆ ಬಿಡಿಸಿ ದೀಪಕ್ಕೆ ಹಿಡಿದಾಗ ಕೆಲವು ಮಾತ್ರ ಉರಿದು ಬೂದಿಯಾದವು. ಹೆಚ್ಚಿನವು ಕರಗಿ, ತುದಿಯಲ್ಲಿ ಗಟ್ಟಿ ಗುಂಡಾಗಿ ನಿಂತವು. ಹಾಗೆ ಕರಗುವುದು ಪಾಲಿಯೆಸ್ಟರ್. ಬೆವರು ಹೀರದ ಬಟ್ಟೆಯನ್ನು ಮಗುವಿಗೆ ತೊಡಿಸಲು ನನಗೆ ಮನಸ್ಸಿಲ್ಲ.

ಸೀರೆಯ ಮೇಲಿನ ಪ್ರೀತಿ ನನಗೂ ಕಡಿಮೆಯಿಲ್ಲ. ಅಮ್ಮ ಉಟ್ಟು ಉಟ್ಟು ಮೆದುವಾದ ಇಳಕಲ್ ಸೀರೆಯ ಒಡಲಿನಂಥ ಬಟ್ಟೆ ಯಾವ ಅಂಗಡಿಯಲ್ಲೂ ಸಿಗದು. ಅಂಚು ಲಂಗದ ಕೆಳಗೆ ಬರುವಂತೆ ಕತ್ತರಿಸಿದರೆ ಮಡಿಚಿ ಹೊಲಿಯುವ ಕೆಲಸವೂ ತಪ್ಪುತ್ತದೆ. ಆದರೆ ಅದರ ಒಂದೇ ಒಂದು ತೊಡಕು ಮಾಡಿದ ಕೆಲಸವನ್ನೆಲ್ಲ ಕೆಡಿಸುತ್ತದೆ: ಹೊಲಿಗೆ ಬಿಚ್ಚುವುದಿಲ್ಲ, ಹೊಲಿಗೆಯ ಪಕ್ಕದ ಬಟ್ಟೆ ಪಿಸಿದುಹೋಗುತ್ತದೆ.

ಈಗ ಮಷೀನಿಗೆ ಹಾಕುವ ಪಾಲಿಯೆಸ್ಟರ್ ದಾರ ಸವೆದ ನೂಲಿಗಿಂತ ಬಹಳ ಗಟ್ಟಿ. ಮಗು ಕೈ ಮೇಲೆತ್ತಿದಾಗ ಕಂಕುಳಲ್ಲಿ ಬೀಳುವ ಎಳೆತವನ್ನು ದಾರ ತಡೆಯುತ್ತದೆ, ಸೂಜಿ ಸಾಲಾಗಿ ತೂತು ಮಾಡಿದ ಬಟ್ಟೆ ತಡೆಯುವುದಿಲ್ಲ. ಮೇಲಾಗಿ ಸೀರೆ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ನೆರಿಗೆ ಸಿಕ್ಕಿಸುವ ಜಾಗ, ಹಿಮ್ಮಡಿ ತಾಕುವ ಅಂಚು, ಪಿನ್ನು ಚುಚ್ಚುವ ಹೆಗಲಿನ ಭಾಗ ಮೊದಲು ಜಾಳಾಗುತ್ತವೆ, ಒಳಸುತ್ತು ಗಟ್ಟಿಯಾಗಿ ಉಳಿಯುತ್ತದೆ. ಆದ್ದರಿಂದ ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು, ಹೆಬ್ಬೆರಳುಗಳ ನಡುವೆ ಹಾಸಿನ (ಉದ್ದೆಳೆಯ) ಕಡೆಗೊಮ್ಮೆ, ಹೊಕ್ಕಿನ (ಅಡ್ಡೆಳೆಯ) ಕಡೆಗೊಮ್ಮೆ ಜಗ್ಗಿ ನೋಡಲೇಬೇಕು.

ಅಷ್ಟು ನೋಡಿ ಕತ್ತರಿಸಿ, 14ರ ಬದಲು ಅದಕ್ಕಿಂತ ಸಣ್ಣದಾದ 11ನೇ ನಂಬರಿನ ಸೂಜಿ ಹಾಕಿ, ಹೊಲಿಗೆಯನ್ನು 3 ಮಿ.ಮೀ. ಉದ್ದಕ್ಕೆ ಇಟ್ಟು, ನೂಲಿನ ದಾರ ಬಳಸಿದಾಗ ಬಾಳಿಕೆ ತುಸು ಹೆಚ್ಚಿತು, ಅಷ್ಟೆ. ಹಳೆಯ ಪಂಚೆಯ ಅಸ್ತರು ಕೊಟ್ಟದ್ದು ಮಾತ್ರ ನಿಂತಿತು. ಆಗ ಒಂದು ಫ್ರಾಕಿಗೆ ಎರಡರ ಕೆಲಸ ಬೀಳುತ್ತದೆ, ಬೇಸಿಗೆಯಲ್ಲಿ ಮಗುವಿಗೆ ಸೆಕೆಯೂ ಆಗುತ್ತದೆ.

ಷರ್ಟಿನಲ್ಲಿ ಸವೆಯುವ ಜಾಗಗಳು ಕಾಲರು, ಮುಂಗೈ ಪಟ್ಟಿ, ಕಂಕುಳು. ಅವನ್ನು ಕತ್ತರಿಸಿ ತೆಗೆದರೂ ಬೆನ್ನಿನ ಬಟ್ಟೆ ಇಡಿಯಾಗಿ ಸಿಗುತ್ತದೆ. 42 ಅಳತೆಯ ಷರ್ಟಿನ ಬೆನ್ನು ಸುಮಾರು 22 ಇಂಚು ಅಗಲವಿದ್ದು, ನಾಲ್ಕು ವರ್ಷದ ಮಗುವಿನ ಫ್ರಾಕಿನ ಮುಂಭಾಗಕ್ಕೆ ಧಾರಾಳವಾಗಿ ಸಾಕು. ಷರ್ಟಿನ ಮುಂಭಾಗವನ್ನು ಫ್ರಾಕಿನ ಬೆನ್ನಿಗೆ ತಿರುಗಿಸಿದರೆ ಗುಂಡಿ ಪಟ್ಟಿ ಅಲ್ಲೇ ಸಿದ್ಧವಾಗಿರುತ್ತದೆ. ನನಗೆ ಅತ್ಯಂತ ಬೇಸರದ ಕಾಜಾ ಹೊಲಿಯುವ ಕೆಲಸ ಬರುವುದೇ ಇಲ್ಲ. ತುಂಬುತೋಳಿನ ಬಟ್ಟೆ ಚಡ್ಡಿಯ ಕಾಲುಗಳಿಗಾಗುತ್ತದೆ. ಜೇಬು ಬಿಚ್ಚಿದಲ್ಲಿ ಬಣ್ಣ ಮಾಸದ ಚೌಕವೂ ಅದರ ಸುತ್ತ ಸೂಜಿಯ ತೂತುಗಳೂ ಎದ್ದು ಕಾಣುವುದರಿಂದ ಆ ಜಾಗವನ್ನು ಬಿಟ್ಟೇ ಕತ್ತರಿಸಬೇಕು.

ನಾನು ಹೊಲಿಯುವುದು ರಾತ್ರಿ ಮಗು ಮಲಗಿದ ಮೇಲೆ ಸಿಗುವ ಸ್ವಲ್ಪ ಹೊತ್ತಿನಲ್ಲಿ. ಅಷ್ಟರಲ್ಲಿ ಬಟ್ಟೆಯ ಗಟ್ಟಿತನ ಪರೀಕ್ಷಿಸುತ್ತ, ಅಸ್ತರು ಜೋಡಿಸುತ್ತ ಕೂರಲು ಪುರುಸೊತ್ತಿಲ್ಲ. ಮನೆಯ ಷರ್ಟುಗಳು ಮುಗಿದರೂ ಬೆಂಗಳೂರಿನ ಸಂಡೇ ಬಜಾರಿನಲ್ಲಿ ಒಂದು ಮೀಟರ್ ಹೊಸ ಪಾಪ್ಲಿನ್‌ಗಿಂತ ಕಡಿಮೆ ದುಡ್ಡಿಗೆ ಷರ್ಟು ಸಿಕ್ಕಿದೆ; ಕಾಲರಿನ ಲೇಬಲ್ಲು, ಪಕ್ಕದ ಹೊಲಿಗೆಯ ಒಳಗಿನ ಲೇಬಲ್ಲು ಎರಡನ್ನೂ ಓದಿ, ಪೂರ್ತಿ ಕಾಟನ್ ಎಂದಿದ್ದರಷ್ಟೇ ಕೊಳ್ಳುತ್ತೇನೆ, ಬಿಸಿನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿಯೇ ಕತ್ತರಿಸುತ್ತೇನೆ.

ಹಸುಗೂಸಿನ ವಿಷಯ ಬೇರೆ. ಕುಂಚಿಗೆ, ಕುಲಾವಿ, ಲಾಡಿ ಕಟ್ಟುವ ಅಂಗಿಗಳಲ್ಲಿ ಹೊಲಿಗೆಯ ಮೇಲೆ ಎಳೆತ ಕಡಿಮೆ, ಬಟ್ಟೆ ಪಿಸಿಯುವ ಮೊದಲೇ ಕೂಸು ಬೆಳೆದಿರುತ್ತದೆ. ಷರ್ಟಿನ ಬಟ್ಟೆ ಆ ಚರ್ಮಕ್ಕೆ ಒರಟು. ಹಳೆಯ ಸೀರೆಯನ್ನು ಬಟ್ಟೆಗೆ ಪಾತ್ರೆ ಕೊಡುವವರಿಗೆ ಹಾಕುವ ಮೊದಲು ಒಳಸುತ್ತಿನ ಒಂದೆರಡು ಮೊಳ ಕತ್ತರಿಸಿ ಎತ್ತಿಟ್ಟುಕೊಂಡರೆ ಅಂಥ ಬಟ್ಟೆಗಳಿಗೆ ಸಾಕಾಗುತ್ತದೆ.