ಶುಗರ್‌ಗೆ ಆನ್‌ಲೈನ್ ಪ್ಯಾಕೇಜಾ, ಪ್ರಕೃತಿ ಚಿಕಿತ್ಸೆಯಾ, ನಮ್ಮ ಬಡಾವಣೆ ಡಾಕ್ಟರಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಡಾವಣೆ ಡಾಕ್ಟರಿಗೆ. ಉಳಿದೆರಡಕ್ಕೂ ಕೈಯಿಂದ ದುಡ್ಡು ಕೊಟ್ಟೇ ನೋಡಿದ್ದೇನೆ. ಸೇರಬೇಕು ಅಂತ ಯೋಚನೆ ಮಾಡುತ್ತಿರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಐವತ್ತು ದಾಟಿದೆ. ಶುಗರ್ ಹಿಡಿತದಲ್ಲಿದೆಯಾ ಅಂತ ನೋಡುವ ಎಚ್‌ಬಿಎ1ಸಿ ರಕ್ತ ಪರೀಕ್ಷೆಯಲ್ಲಿ 7.4 ಬಂದಿತ್ತು, ಮೆಟ್‌ಫಾರ್ಮಿನ್ ಅನ್ನುವ ಶುಗರ್ ಗುಳಿಗೆ ಶುರುವಾಗಿತ್ತು, ಮಂಡಿ ನೋವೂ ಜೊತೆಗಿತ್ತು. ಆಗಲೇ ಮೊಬೈಲ್ ತುಂಬಾ ಒಂದೇ ಜಾಹೀರಾತು: ಗುಳಿಗೆ ಬಿಡಿ, ಕಾಯಿಲೆಯನ್ನು ಬೇರಿನಿಂದ ತೆಗೆಯಿರಿ, ವಯಸ್ಸನ್ನು ಹಿಂದಕ್ಕೆ ತಿರುಗಿಸಿ. ಮೂರು ತಿಂಗಳ ಪ್ಯಾಕೇಜಿಗೆ ಮೂವತ್ತು ಸಾವಿರದ ಮೇಲೆ. ಕಂತಿನಲ್ಲಿ ಕಟ್ಟಬಹುದಿತ್ತು, ಕಟ್ಟಿದೆ.

ಅದರಲ್ಲಿ ಏನೇನಿತ್ತು ಅಂತ ಪಟ್ಟಿ ಮಾಡಲ್ಲ, ಅವರ ಜಾಹೀರಾತಲ್ಲೇ ಇರುತ್ತದೆ. ಚೆನ್ನಾಗಿದ್ದದ್ದು ಒಂದೇ, ತೋಳಿಗೆ ಅಂಟಿಸುವ ಸೆನ್ಸರ್. ಅದು ರಕ್ತದ ಶುಗರ್ ಅಳೆಯಲ್ಲ, ಚರ್ಮದ ಕೆಳಗಿನ ನೀರಿನಂಶದ್ದು ಅಳೆಯುತ್ತದೆ. ಅದಕ್ಕೇ ಬೆರಳು ಚುಚ್ಚಿ ನೋಡಿದ್ದಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ರಾತ್ರಿ ಆ ತೋಳಿನ ಮೇಲೆ ಮಲಗಿದರೆ ಶುಗರ್ ಇಳಿದುಹೋಯಿತು ಅಂತ ಸುಳ್ಳು ತೋರಿಸಿ ಮೊಬೈಲ್ ಕೂಗಿಕೊಳ್ಳುತ್ತದೆ. ನಮ್ಮ ಮನೆಯವರು ಗಾಬರಿಯಿಂದ ಸಕ್ಕರೆ ಡಬ್ಬಿ ಹಿಡಿದು ನಿಂತಿದ್ದೂ ಇದೆ. ಆದರೆ ಅದರಿಂದ ತಿಳಿದ ವಿಷಯ ದೊಡ್ಡದು. ನನಗೆ ಬೆಣ್ಣೆ ದೋಸೆಗಿಂತ ಸಂಜೆಯ ಮಂಡಕ್ಕಿಯೇ ಜಾಸ್ತಿ ಏರಿಸುತ್ತಿತ್ತು! ಮಂಡಕ್ಕಿ ಹಗುರ ಅಂತ ನಾವು ದಾವಣಗೆರೆಯವರು ಬೊಗಸೆ ಬೊಗಸೆ ತಿನ್ನುತ್ತೇವೆ, ಅಲ್ವಾ? ಹಗುರ ಇರೋದಕ್ಕೇ ಬೇಗ ಕರಗಿ ಶುಗರ್ ಆಗುತ್ತದೆ. ಅರ್ಧ ಮಾಡಿ, ಶೇಂಗಾ ಸೇರಿಸಿ, ತಿಂದ ಮೇಲೆ ಸ್ವಲ್ಪ ನಡೆದರೆ ಗೆರೆ ಅಷ್ಟು ಏರುವುದಿಲ್ಲ. ನವಣೆ ಅನ್ನವೂ ಅಷ್ಟೇ, ಸಿರಿಧಾನ್ಯ ಅಂತ ಎರಡು ತಟ್ಟೆ ಉಂಡರೆ ಸೆನ್ಸರ್ ಮುಲಾಜು ನೋಡಲ್ಲ. ಇಷ್ಟು ತಿಳಿಯಲು ಎರಡು ವಾರದ ಒಂದು ಸೆನ್ಸರ್ ಸಾಕು. ಪ್ಯಾಕೇಜ್ ಬೇಕಿಲ್ಲ, ಬಿಡಿಯಾಗಿಯೂ ಸಿಗುತ್ತದೆ.

ಊಟ ಒಗ್ಗುತ್ತಾ ಅಂತ ಒಂದು ರಕ್ತ ಪರೀಕ್ಷೆ ಮಾಡಿಸಿದ್ದರು, ಐಜಿಜಿ ಅನ್ನುವ ರೋಗನಿರೋಧಕ ಅಂಶದ್ದು. ಅದರಲ್ಲಿ ಜೋಳ, ಶೇಂಗಾ, ಮೊಸರು ಮೂರೂ ಕೆಂಪು. ಐಜಿಜಿ ಹೇಳುವುದು ನೀವು ಆ ಪದಾರ್ಥ ತಿನ್ನುತ್ತಿದ್ದೀರಿ ಅಂತ ಮಾತ್ರ, ಒಗ್ಗಲ್ಲ ಅಂತ ಅಲ್ಲ. ಅಲರ್ಜಿ ತಜ್ಞರ ಸಂಘಗಳೇ ಈ ಪರೀಕ್ಷೆ ಬೇಡ ಅನ್ನುತ್ತವೆ. ದಾವಣಗೆರೆಯವರ ರಕ್ತದಲ್ಲಿ ಜೋಳ ಕಾಣದೆ ಇನ್ನೇನು ಕಾಣಬೇಕು?

ಈಗ ನನಗೆ ನಿಜಕ್ಕೂ ಸಿಟ್ಟು ಬಂದ ವಿಷಯಕ್ಕೆ ಬರುತ್ತೇನೆ.

ಪ್ಯಾಕೇಜಿನ ಜೊತೆ ಡಬ್ಬಿಗಟ್ಟಲೆ ಗುಳಿಗೆ ಬಂದಿದ್ದವು. ಅರಿಶಿನದ್ದು, ಮೀನೆಣ್ಣೆಯದ್ದು (ನಾವು ಶುದ್ಧ ಸಸ್ಯಾಹಾರಿ, ವಾಪಸ್ ಕಳಿಸಿದೆ), ಮೆಗ್ನೀಸಿಯಂ, ಮತ್ತೆ ಕೂದಲು, ಉಗುರು, ಚರ್ಮಕ್ಕೆ ಅಂತ ಒಂದು ಗುಲಾಬಿ ಬಣ್ಣದ ಗುಳಿಗೆ. ತಿಂಗಳುಗಟ್ಟಲೆ ನಿಯತ್ತಾಗಿ ನುಂಗಿದೆ. ಕೊನೆಗೆ ಅವರೇ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ಶುಗರ್ ಸ್ವಲ್ಪ ಇಳಿದಿತ್ತು. ಆದರೆ ಥೈರಾಯ್ಡ್ ತಲೆಕೆಳಗು! ಟಿಎಸ್‌ಎಚ್ ಪೂರ್ತಿ ಕೆಳಗೆ, ಟಿ4 ಮೇಲೆ, ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಅಂತ ಲೆಕ್ಕ. ಫೋನಿನಲ್ಲಿ ಪ್ಯಾಕೇಜಿನ ಕೋಚ್ ಹುಡುಗಿ ಗೆದ್ದವಳ ಹಾಗೆ ಹೇಳಿದಳು: "ನೋಡಿ ಮೇಡಂ, ಮೂಲ ಕಾರಣ ಸಿಕ್ಕಿತು! ನಿಮ್ಮದು ಥೈರಾಯ್ಡ್." ಅದಕ್ಕೆ ಬೇರೆ ಪ್ಯಾಕೇಜ್, ಬೇರೆ ಕಂತು.

ಆ ವಾರವೆಲ್ಲ ನನಗೆ ಎದೆ ಬಡಿತ ಜಾಸ್ತಿ ಅನಿಸಿತು, ಕೈ ನಡುಗಿದ ಹಾಗೆ ಅನಿಸಿತು. ರಿಪೋರ್ಟ್ ಓದಿದ ಮೇಲೆ ಎಲ್ಲರಿಗೂ ಹಾಗೇ ಅನಿಸುತ್ತದೆ. ಸಂಜೆ ಸುಮ್ನೆ ಕೇಳಿಕೊಂಡು ಬರೋಣ ಅಂತ ಬಡಾವಣೆ ಡಾಕ್ಟರ್ ಹತ್ತಿರ ಹೋದೆ. ಅವರು ರಿಪೋರ್ಟ್ ನೋಡಿದರು, ನಾಡಿ ನೋಡಿದರು, ಕೈ ಚಾಚಿಸಿ ಬೆರಳ ಮೇಲೆ ಕಾಗದ ಇಟ್ಟು ನಡುಕ ಇದೆಯಾ ನೋಡಿದರು. ಕಾಗದ ಅಲ್ಲಾಡಲಿಲ್ಲ. "ಬೇರೆ ಏನೇನ್ ಗುಳಿಗೆ ತಗೋತೀರಿ ಟೀಚರೇ? ಎಲ್ಲಾ ಡಬ್ಬಿ ತಗಂಡು ಬರ್ರಿ" ಅಂದರು.

ಮಾರನೇ ದಿನ ಚೀಲದಲ್ಲಿ ಒಯ್ದೆ. ಕನ್ನಡಕ ಹಣೆಗೇರಿಸಿ ಒಂದೊಂದೇ ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿದರು. ಗುಲಾಬಿ ಗುಳಿಗೆ ಡಬ್ಬಿ ಬಂದ ಕೂಡಲೇ ನಿಲ್ಲಿಸಿ ಉಗುರಿನಿಂದ ಒಂದು ಸಾಲು ತೋರಿಸಿದರು: ಬಯೋಟಿನ್, 10 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 30 ಮೈಕ್ರೋಗ್ರಾಂ ಅಷ್ಟೇ. ಅಂದರೆ ಮುನ್ನೂರು ಪಟ್ಟಿಗಿಂತ ಜಾಸ್ತಿ. ಅದು ದೇಹಕ್ಕೆ ವಿಷ ಅಂತಲ್ಲ, ಪರೀಕ್ಷೆಗೆ ಅಡ್ಡಗಾಲು. ಥೈರಾಯ್ಡ್ ಅಳೆಯುವ ಎಷ್ಟೋ ಯಂತ್ರಗಳು ಬಯೋಟಿನ್ ಅಂಟನ್ನೇ ಬಳಸಿ ಲೆಕ್ಕ ಹಾಕುತ್ತವೆ. ರಕ್ತದಲ್ಲಿ ಮೊದಲೇ ಬಯೋಟಿನ್ ತುಂಬಿದ್ದರೆ ಯಂತ್ರ ಮೋಸ ಹೋಗುತ್ತದೆ. ಟಿಎಸ್‌ಎಚ್ ಇದ್ದದ್ದಕ್ಕಿಂತ ಕಡಿಮೆ, ಟಿ4 ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಇದರಿಂದ ತಪ್ಪಾಗಬಹುದು.

ಗುಳಿಗೆ ನಿಲ್ಲಿಸಿ, ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಪೂರ್ತಿ ಸರಿ. ಅವರು ಕೊಟ್ಟ ಗುಳಿಗೆಯಿಂದಲೇ ಹುಟ್ಟಿದ ಕಾಯಿಲೆಗೆ ಅವರೇ ಎರಡನೇ ಪ್ಯಾಕೇಜ್ ಮಾರಲು ಹೊರಟಿದ್ದರು! ಕಂಪನಿಗೆ ಮೇಲ್ ಹಾಕಿದೆ. "ನಿಮ್ಮ ಆರೋಗ್ಯ ಪಯಣಕ್ಕೆ ಶುಭಾಶಯ" ಅಂತ ಉತ್ತರ ಬಂತು. ದುಡ್ಡು ಬರಲಿಲ್ಲ.

ಪ್ರಕೃತಿ ಚಿಕಿತ್ಸೆಗೆ ಬೇಸಿಗೆ ರಜೆಯಲ್ಲಿ ಮಲೆನಾಡಿನ ಒಂದು ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿನ ಡಾಕ್ಟರುಗಳು ಅದನ್ನೇ ಐದೂವರೆ ವರ್ಷ ಓದಿದವರು, ಸುಳ್ಳು ಭರವಸೆ ಕೊಡಲಿಲ್ಲ. ಮಣ್ಣಿನ ಪಟ್ಟಿ, ಹಬೆ, ಯೋಗ, ಉಪ್ಪು ಕಡಿಮೆ ಊಟ. ತೂಕ ಇಳಿಯಿತು, ನಿದ್ದೆ ಬಂತು, ಮಂಡಿ ಹಗುರಾಯಿತು. ಊರಿಗೆ ಬಂದು ರೊಟ್ಟಿ, ಎಣ್ಣೆಗಾಯಿ ಮುಂದೆ ಕೂತ ಮೇಲೆ ತೂಕವೂ ಊರಿಗೆ ಬಂತು. ರಾತ್ರಿ ಊಟ ಏಳು ಗಂಟೆಗೇ ಮುಗಿಸುವ ಅಭ್ಯಾಸ ಮಾತ್ರ ಉಳಿದಿದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಅನ್ನುವ ಶುಗರ್ ಗುಳಿಗೆ ತಗೊಳ್ಳುವವರು ಅಲ್ಲಿ ಉಪವಾಸಕ್ಕೆ ಕೂರುವ ಮುಂಚೆ ಹೇಳಲೇಬೇಕು, ಶುಗರ್ ಏಕಾಏಕಿ ಇಳಿದುಬಿಡುತ್ತದೆ.

ಇನ್ನು ಬಡಾವಣೆ ಡಾಕ್ಟರು. ಫೀಸು ಇನ್ನೂರು. ಕಾಯುವುದು ಮಾತ್ರ ವಿಪರೀತ, ಒಂದು ಗಂಟೆ ಬೆಂಚಿನ ಮೇಲೆ ಕೂರಲೇಬೇಕು, ಫ್ಯಾನ್ ತಿರುಗಿದರೆ ಪುಣ್ಯ. ಕೋಚ್ ಹುಡುಗಿ ಮೆಟ್‌ಫಾರ್ಮಿನ್ ಬರೀ ಕೆಮಿಕಲ್ ಅನ್ನುತ್ತಿದ್ದಳು. ಅದರ ಮೂಲವೂ ಯುರೋಪಿನ ಗೆಲೆಗಾ ಅನ್ನುವ ಗಿಡ, 1957ರಿಂದ ಶುಗರ್‌ಗೆ ಬಳಕೆಯಲ್ಲಿದೆ. ಅದರಿಂದ ತೊಂದರೆಯೇ ಇಲ್ಲ ಅಂತ ಇವರೂ ಹೇಳಲಿಲ್ಲ. ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯಬಹುದು, ಸಸ್ಯಾಹಾರಿಗಳಿಗೆ ಮೊದಲೇ ಕಮ್ಮಿ. ನನ್ನ ಪಾದದ ಜೋಮಿಗೆ ಅವರು ಮೊದಲು ನೋಡಿಸಿದ್ದು ಅದನ್ನೇ. ಕಡಿಮೆ ಇತ್ತು. ಬೇರು ಹುಡುಕುವುದು ಅಂದರೆ ನನ್ನ ಲೆಕ್ಕದಲ್ಲಿ ಇದು.

ಹಾಗಂತ ಗುಳಿಗೆ ಬಿಡಿಸುವ ಮಾತು ಪೂರ್ತಿ ಸುಳ್ಳಲ್ಲ. ಬ್ರಿಟನ್ನಿನ ಡೈರೆಕ್ಟ್ ಅನ್ನುವ ಪ್ರಯೋಗದಲ್ಲಿ, ಶುಗರ್ ಬಂದು ಆರು ವರ್ಷದೊಳಗಿದ್ದವರಿಗೆ ಊಟ ತೀರಾ ಕಡಿಮೆ ಮಾಡಿಸಿ ತೂಕ ಇಳಿಸಿದರು. ಒಂದು ವರ್ಷಕ್ಕೆ ಶೇ. 46 ಜನ ಗುಳಿಗೆ ಇಲ್ಲದೆ ಶುಗರ್ ಕಾಯಿಲೆಯ ಮಟ್ಟದಿಂದ ಕೆಳಗೆ ಬಂದಿದ್ದರು. ಅದನ್ನು ಮಾಡಿಸಿದ್ದು ಇಂಥ ಬಡಾವಣೆ ಕ್ಲಿನಿಕ್ಕುಗಳಲ್ಲೇ. ನಮ್ಮ ಡಾಕ್ಟರು ನನಗೆ ಹೇಳಿದ್ದು ಅಷ್ಟು ಕಠಿಣವಲ್ಲ: ಐದು ಕೆಜಿ ಇಳಿಸಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ದಿನಾ ಮಾಡಿ, ಕಾಳು ಜಾಸ್ತಿ ತಿನ್ನಿ. ವಯಸ್ಸಾದ ಹಾಗೆ ಕಾಲಿನ ಮಾಂಸಖಂಡ ಕರಗುತ್ತದೆ, ಜಾರಿ ಬೀಳುವುದೂ ಅದರಿಂದಲೇ ಅಂತ. ಬೆಳಗ್ಗೆ ಕುಂದವಾಡ ಕೆರೆ ಏರಿ ಮೇಲೆ ನಡೆಯುತ್ತೇನೆ, ಅಡುಗೆಮನೆಯಲ್ಲಿ ಹಾಲು ಕಾಯುವವರೆಗೆ ಕುರ್ಚಿ ಕಸರತ್ತು. ಎಚ್‌ಬಿಎ1ಸಿ ಈಗ 6.6. ಅದು ಎರಡು ಮೂರು ತಿಂಗಳ ಸರಾಸರಿ, ಹಿಂದಿನ ದಿನ ಉಪವಾಸ ಇದ್ದು ಡಾಕ್ಟರಿಗೆ ಟೋಪಿ ಹಾಕಲು ಆಗಲ್ಲ. ಗುಳಿಗೆ ಬಿಟ್ಟಿಲ್ಲ, ಅರ್ಧ ಆಗಿದೆ.

ದುಡ್ಡು ಧಾರಾಳ ಇದ್ದು, ದಿನಾ ಯಾರಾದರೂ ಫೋನ್ ಮಾಡಿ ನೆನಪಿಸಬೇಕು ಅನ್ನುವವರಿಗೆ ಪ್ಯಾಕೇಜ್ ಸರಿಹೋಗಬಹುದು. ಗುಳಿಗೆ ಡಬ್ಬಿಗಳನ್ನು ಮಾತ್ರ ನಿಮ್ಮ ಡಾಕ್ಟರಿಗೆ ತೋರಿಸದೆ ತೆರೆಯಬೇಡಿ. ಮನೆಯಿಂದ ಸ್ವಲ್ಪ ದಿನ ದೂರ ಇರದೆ ಊಟ ಬದಲಾಗಲ್ಲ ಅನ್ನುವವರು ಪ್ರಕೃತಿ ಚಿಕಿತ್ಸೆಗೆ ಹೋಗಿಬನ್ನಿ. ನನಗಂತೂ ಬೆಳಗ್ಗೆ ಬೇಗ ಏಳುವ ರೂಢಿ ಇದೆ, ಸಂಬಳ ಲೆಕ್ಕದ್ದು. ಎರಡನೇ ಪ್ಯಾಕೇಜಿಗೆ ಕೊಡದೆ ಉಳಿದ ದುಡ್ಡಲ್ಲಿ ನಾನೂ ನಮ್ಮ ಮನೆಯವರೂ ಕಣ್ಣಿನ ಒಳಪದರದ ಪರೀಕ್ಷೆ ಮಾಡಿಸಿದೆವು. ಶುಗರ್ ಇದ್ದವರು ವರ್ಷಕ್ಕೊಮ್ಮೆ ಮಾಡಿಸಬೇಕಾದ ಆ ಪರೀಕ್ಷೆ ಪ್ಯಾಕೇಜಿನ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.