ಪೀಣ್ಯದ ಶೆಡ್‌ನವರೇ, "ಬಾಡಿಗೆ ಹೇಗೂ ಕಟ್ತೀರಲ್ಲ" ಅಂತ ಆರ್ಡರ್ ತಂದರೆ ಹುಷಾರು

ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ಲೇತ್ ಕೆಲಸ) ಮಾಡೋರೆಲ್ಲ ಇದನ್ನ ಓದಿ. ಒಂದು ಕಂಪನಿಯಿಂದ ನಮಗೆ ಹತ್ತು ಸಾವಿರ ಪಿನ್‌ಗೆ ಒಂದೇ ಪಿಒ (ಪರ್ಚೇಸ್ ಆರ್ಡರ್) ಬಂತು, ರೇಟು ಮಾತ್ರ ಪೀಸಿಗೆ ನಮ್ಮ ಮಾಮೂಲಿ 118 ರೂಪಾಯಿ ಬದಲು 95. ಆ ಕಂಪನಿಯ ಪರ್ಚೇಸ್‌ನವರು ಪೆನ್ನು ತಗೊಂಡು ನಮ್ಮ ಲೆಕ್ಕ ನಮಗೇ ಬರೆದು ತೋರಿಸಿದರು: "ಶೆಡ್ ಬಾಡಿಗೆ, ಬೆಸ್ಕಾಂ ಫಿಕ್ಸೆಡ್ ಚಾರ್ಜು, ಮಷಿನ್ ಇಎಂಐ ಹೇಗೂ ಕಟ್ತೀರಲ್ಲ ಸರ್, ಇದರ ಮೇಲೆ ಯಾಕೆ ಹಾಕ್ತೀರಿ? ಒಂದು ಶಿಫ್ಟ್ ಖಾಲಿ ಇದೆ. 88ರ ಮೇಲೆ ಬಂದಿದ್ದೆಲ್ಲ ಲಾಭ."

ಆ ಲೆಕ್ಕ ಸುಳ್ಳಲ್ಲ. ಸಿಟ್ಟು ಬರೋದೇ ಅದಕ್ಕೆ. ಪೀಸಿಗೆ ಇಎನ್8 ಸ್ಟೀಲ್ ರಾಡ್ 52, ಪ್ಲೇಟಿಂಗ್ 11, ಕೂಲಿ 10, ಇನ್ಸರ್ಟು (ಕಟಿಂಗ್ ತುದಿ) ಕೂಲೆಂಟು 7, ಕರೆಂಟು 5, ಪ್ಯಾಕಿಂಗು ಟೆಂಪೋ 3, ಒಟ್ಟು 88. ಪೀಸಿಗೆ 7 ಉಳೀತು, ಹತ್ತು ಸಾವಿರಕ್ಕೆ 70,000.

ಆದರೆ ಸೈಕಲ್ ಟೈಮ್ ಪೀಸಿಗೆ ಮೂರೂವರೆ ನಿಮಿಷ. ಹತ್ತು ಸಾವಿರ ಪೀಸಿಗೆ 583 ಗಂಟೆ. ಖಾಲಿ ಇರೋ ಎಂಟು ಗಂಟೆಯಲ್ಲೇ ಮಾಡಿದರೆ 73 ದಿನ, ಸೆಟ್ಟಿಂಗ್ ಟೈಮ್ ಬೇರೆ. "ನಿಧಾನಕ್ಕೆ ಕೊಡಿ" ಅಂದಿದ್ದವರು ಪಿಒದಲ್ಲಿ ಹಾಕಿದ್ದು 45 ದಿನ! ಅಷ್ಟರಲ್ಲಿ ಖಾಲಿ ಶಿಫ್ಟಿಂದ ಬರೋದು ಆರು ಸಾವಿರ ಚಿಲ್ಲರೆ. ಉಳಿದ 3,800 ಓಟಿಯಲ್ಲಿ (ಓವರ್‌ಟೈಮ್), ಓಟಿಗೆ ಕೂಲಿ ಡಬಲ್. ಪೀಸಿನ ಖರ್ಚು 98, ಸಿಗೋದು 95. ಪೀಸಿಗೆ 10 ಹೆಚ್ಚಿಗೆ ಬಿದ್ದು ಲಾಭದಲ್ಲಿ ಅಲ್ಲಿಗೇ 38,000 ಹೋಯಿತು. ಓಟಿ ಬೇಡ ಅಂತ ರೆಗ್ಯುಲರ್ ಪಾರ್ಟಿ ಕೆಲಸ ಪಕ್ಕಕ್ಕಿಟ್ಟರೆ ಇನ್ನೂ ಕೆಟ್ಟದು: ಅಲ್ಲಿ ಬಿಡೋದು ಪೀಸಿಗೆ 30, ಇಲ್ಲಿ ಸಿಗೋದು 7. ಮಷಿನ್ ಫುಲ್ ಇದ್ದಾಗ ಕನಿಷ್ಠ ರೇಟು 88 ಅಲ್ಲ, 118. ಇದನ್ನ ಅವರು ಬರೆದು ತೋರಿಸಲಿಲ್ಲ.

ಪೀಸು ಹಿಡಿಯೋ ಫಿಕ್ಸ್ಚರು, ಸೈಜು ನೋಡೋ ಗೇಜು 18,000. ಈ ಆರ್ಡರ್ ಬಿಟ್ಟರೆ ಬೇರೆ ಯಾವುದಕ್ಕೂ ಬಾರದ್ದು.

ಆಮೇಲೆ ರಿಜೆಕ್ಷನ್. ಓಡಿ (ಹೊರವ್ಯಾಸ) 20 ಎಂಎಂ h7, ಅಂದ್ರೆ ಟಾಲರೆನ್ಸ್ (ಸೈಜಿನಲ್ಲಿ ಬಿಡೋ ವ್ಯತ್ಯಾಸ) ಬರೀ 21 ಮೈಕ್ರಾನ್. ಪ್ಲೇಟಿಂಗ್‌ನ ಜಿಂಕ್ 8 ಮೈಕ್ರಾನ್ ಕೂತರೆ ವ್ಯಾಸದಲ್ಲಿ 16 ಏರುತ್ತೆ. ಸೈಜು ಪ್ಲೇಟಿಂಗ್‌ಗೆ ಮೊದಲಾ, ಆಮೇಲಾ ಅಂತ ಡ್ರಾಯಿಂಗ್‌ನಲ್ಲಿ ಇಲ್ಲ. ಕೇಳಿದಾಗ ಫೋನಲ್ಲಿ "ಮೊದಲು ಸರ್". ಇನ್ಸ್‌ಪೆಕ್ಷನ್‌ನಲ್ಲಿ ಅದೇ ಮನುಷ್ಯ "ಫೈನಲ್ ಸೈಜ್ ಅಂದ್ರೆ ಫೈನಲ್". 300 ಪೀಸಿಗೆ ಡೆಬಿಟ್ ನೋಟ್, 28,500 ಕಟ್.

ದುಡ್ಡು ಬರೋದು 90 ದಿನಕ್ಕೆ. ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್ ಸಾಲ) ಬಡ್ಡಿ ವರ್ಷಕ್ಕೆ 11% ಹಿಡಿದರೂ ಹಾಕಿದ 8.8 ಲಕ್ಷಕ್ಕೆ ಸುಮಾರು 24,000. ಅವರಿಂದ ಒಂದು ರೂಪಾಯಿ ಬರದಿದ್ದರೂ ಜಿಎಸ್‌ಟಿ ಮುಂದಿನ ತಿಂಗಳೇ ನಾವು ಕಟ್ಟಬೇಕು. 70,000 ಲಾಭ ಅಂದಿದ್ದು ಕೊನೆಗೆ 38,500 ನಷ್ಟ.

ಇಷ್ಟನ್ನೂ ನುಂಗಬಹುದಿತ್ತು. ರೇಟು ಇಳಿಸಿದ್ದೇ "ಇದೊಂದು ಸಲ, ಮುಂದಿನದು 118ಕ್ಕೆ" ಅನ್ನೋ ಮಾತಿಗೆ. ಮುಂದಿನ ಎನ್‌ಕ್ವೈರಿಗೆ 118 ಕೋಟ್ ಮಾಡಿದರೆ ಬಂದ ಉತ್ತರ ಇದು: "ಲಾಸ್ಟ್ ಪರ್ಚೇಸ್ ಪ್ರೈಸ್ 95 ಇದೆ ಸರ್, ಸಿಸ್ಟಮ್ ತಗೊಳ್ಳಲ್ಲ." ಸಿಸ್ಟಮ್ ತಗೊಳ್ಳಲ್ಲವಂತೆ! ಇದೊಂದು ಸಲ ಅಂದಿರಲ್ಲ ಅಂದರೆ, "ಮೇಲ್ ಇದೆಯಾ?" ಅಷ್ಟೇ. ಮುಖಕ್ಕೆ ಹೊಡೆದ ಹಾಗಾಯಿತು. ವಾರದೊಳಗೆ ಹಳೇ ಪಾರ್ಟಿಯೂ ಫೋನ್ ಮಾಡಿ, "ಅವರಿಗೆ 95 ಅಂತೆ, ನಮಗ್ಯಾಕೆ 118?" ಅಂದರು. ವರ್ಷಗಟ್ಟಲೆ ವ್ಯವಹಾರ ಮಾಡಿದವರಿಗೆ ಏನು ಹೇಳೋದು?

ಇಂಥ ಆರ್ಡರ್ ಬಂದರೆ ರೂಪಾಯಿಗಿಂತ ಮೊದಲು ಗಂಟೆ ಲೆಕ್ಕ ಹಾಕಿ. ಫಿಕ್ಸ್ಚರ್ ದುಡ್ಡು ಅಡ್ವಾನ್ಸ್ ಕೇಳಿ. ಪಿಒ ಮೇಲೇ "ಈ ರೇಟು ಈ ಲಾಟ್‌ಗೆ ಮಾತ್ರ" ಅಂತ ಬರೆಸಿ. ಪಾರ್ಟ್ ನಂಬರ್ ಬೇರೆ ಇರಲಿ, ಸಿಸ್ಟಮ್‌ನಲ್ಲಿ ಹಳೇ ರೇಟು ಅಡ್ಡ ಬರಬಾರದು. ಪೇಮೆಂಟ್ ಕೇಳಿದರೆ "90 ದಿನ ನಮ್ಮ ಪಾಲಿಸಿ" ಅಂತಾರೆ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಇರೋ ಸಣ್ಣ ಘಟಕಕ್ಕೆ ಆ ಪಾಲಿಸಿ ನಡೆಯಲ್ಲ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಒಪ್ಪಂದ ಇದ್ದರೂ ಗಡುವು 45 ದಿನ ದಾಟುವಂತಿಲ್ಲ. ದಾಟಿದರೆ 16ನೇ ಸೆಕ್ಷನ್, ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಹಾಕಿ, ದುಡ್ಡು ತಡವಾದರೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಿ. "ರಿಲೇಶನ್ ಇರಲಿ ಸರ್, ಬಡ್ಡಿ ಬಿಡಿ" ಅಂತ ಫೋನ್ ಬರುತ್ತೆ. ಬಿಡಬೇಡಿ.