ಕನ್ಸೀಲ್ ಜಿಪ್ ಫೂಟ್: ಬೀರುನಲ್ಲಿದ್ದ ಸ್ಯಾಟಿನ್‌ನಲ್ಲಿ ಗೌನ್ ಹೊಲಿದ ಮೇಲೆ ಬರೀತಿರೋ ರಿವ್ಯೂ

ತಂಗಿ ಮದುವೆಗೆ ಅಂತ ಹೊಸ ಬಟ್ಟೆ ತರೋದು ಬೇಡ, ಬೀರುನಲ್ಲಿ ನಾಲ್ಕೈದು ವರ್ಷದಿಂದ ಮಡಚಿಟ್ಟಿರೋ ಕಡು ಹಸಿರು ಸ್ಯಾಟಿನ್ ಇದ್ಯಲ್ಲ, ಅದ್ರಲ್ಲೇ ಗೌನ್ ಹೊಲ್ಕೊಳ್ಳೋಣ ಅಂತ ಕೂತೆ. ಅಳೆದು ನೋಡಿದ್ರೆ 3 ಮೀಟರ್, 44 ಇಂಚು ಅಗಲ, ಅಷ್ಟೇ. ಸ್ಯಾಟಿನ್‌ನಲ್ಲಿ ಒಂದು ಪೀಸ್ ಮೇಲ್ಮುಖ ಇನ್ನೊಂದು ಕೆಳಮುಖ ಇಟ್ಟು ಕಟ್ ಮಾಡಿದ್ರೆ ಬೆಳಕು ಬಿದ್ದಾಗ ಎರಡು ಬೇರೆ ಬಣ್ಣದ ಥರ ಕಾಣುತ್ತೆ, ಹಂಗಾಗಿ ಪೀಸ್‌ಗಳನ್ನ ತಲೆಕೆಳಗೆ ಜೋಡಿಸಿ ಬಟ್ಟೆ ಉಳಿಸೋ ದಾರಿನೂ ಇಲ್ಲ. ಸ್ಕರ್ಟ್‌ಗೆ ಫ್ಲೇರ್ ಬೇಕಲ್ಲ, ಹಿಂಭಾಗ ಒಂದೇ ಪೀಸ್‌ನಲ್ಲಿ ಬರ್ಲಿಲ್ಲ, ಎರಡು ಮಾಡಿ ಬೆನ್ನಿನ ಮಧ್ಯ ಜೋಡಿಸ್ಬೇಕಾಯ್ತು, ಜಿಪ್ ಕೂಡ ಅಲ್ಲಿಗೇ ಬಂತು. ಸೈಡಲ್ಲಿದ್ರೆ ಕೈ ಕೆಳಗೆ ಮುಚ್ಚಿಹೋಗುತ್ತೆ, ಇದು ಎಲ್ರ ಕಣ್ಣಿಗೂ ಬೀಳೋ ಜಾಗ. ಅದಕ್ಕೇ ಈ ಫೂಟ್, ಅಂದ್ರೆ ಹೊಲಿಗೆ ಮಷಿನ್‌ನಲ್ಲಿ ಸೂಜಿ ಹತ್ರ ಬಟ್ಟೆನ ಒತ್ತಿ ಹಿಡಿಯೋ ಚಿಕ್ಕ ಭಾಗ, ತಗೊಂಡೆ.

ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ. ಕನ್ಸೀಲ್ ಅನ್ನೋದು ವೈಕೆಕೆ ಕಂಪನಿ ತನ್ನ ಇನ್ವಿಸಿಬಲ್ ಜಿಪ್‌ಗೆ ಇಟ್ಟಿರೋ ಹೆಸರು, ಈಗ ಯಾವ ಕಂಪನಿದಾದ್ರೂ ಬಾಯಲ್ಲಿ ಬರೋದು ಅದೇ. ಇದ್ರಲ್ಲಿ ಹಲ್ಲು ಹಿಂಭಾಗಕ್ಕೆ ಸುರುಳಿ ಸುತ್ಕೊಂಡಿರುತ್ತೆ. ಹಲ್ಲಿಗೆ ಒತ್ತಿ, ಆದ್ರೆ ಹಲ್ಲಿನ ಮೇಲೆ ಹತ್ತದ ಹಾಗೆ ಹೊಲಿದ್ರೆ ಮಾತ್ರ ಹೊರಗಡೆಯಿಂದ ಬರೀ ಜೋಡಣೆ ಗೆರೆ ಕಾಣುತ್ತೆ. ಮಾಮೂಲಿ ಜಿಪ್ ಫೂಟ್‌ನಲ್ಲಿ ಅಷ್ಟು ಹತ್ರ ಹೋಗೋಕೆ ಬೆರಳಲ್ಲಿ ಸುರುಳಿ ಬಿಡಿಸ್ತಾನೇ ಹೊಲೀಬೇಕು, ಒಂದು ಎಳೆ ದೂರ ಹೋದ್ರೂ ಟೇಪ್, ಅಂದ್ರೆ ಹಲ್ಲು ಕೂರಿಸಿರೋ ಬಟ್ಟೆ ಪಟ್ಟಿ, ಇಣುಕುತ್ತೆ. ಬೇರೆ ಬಟ್ಟೆ ಆದ್ರೆ ಬಿಚ್ಚಿ ಮತ್ತೆ ಹೊಲೀಬಹುದು, ಸ್ಯಾಟಿನ್‌ನಲ್ಲಿ ಸೂಜಿ ತೂತು ಹಂಗೇ ಉಳಿಯುತ್ತೆ, ನನ್ನ ಹತ್ರ ಬದಲಿಗೆ ಇನ್ನೊಂದು ಪೀಸ್ ಕತ್ತರಿಸೋಕೆ ಬಟ್ಟೆನೂ ಇರ್ಲಿಲ್ಲ.

ಮೊದ್ಲು ತಂದಿದ್ದು ಪ್ಲಾಸ್ಟಿಕ್ ಫೂಟ್, ಒಂದು ಡಬ್ಬ ತುಂಬ ಬೇರೆ ಬೇರೆ ಫೂಟ್ ಇರೋ ಸೆಟ್‌ನಲ್ಲಿ ಬಂದಿದ್ದು. ಅದು ನಂಗೆ ಇಷ್ಟ ಆಗ್ಲಿಲ್ಲ. ಸಿಕ್ಕಿಸಿದ್ಮೇಲೂ ಎಡಕ್ಕೆ ಬಲಕ್ಕೆ ಅಲ್ಲಾಡ್ತಿತ್ತು, ಲೈನಿಂಗ್ ಚೂರಿನ ಮೇಲೆ ಟ್ರಯಲ್ ಹೊಲಿದಾಗ ಒಂದು ಕಡೆ ಹೊಲಿಗೆ ಹಲ್ಲಿನ ಮೇಲೇ ಹತ್ತಿ ಜಿಪ್ ಅಲ್ಲೇ ಸಿಕ್ಕಾಕ್ಕೊಂಡ್ತು. ಅದನ್ನ ಬದಿಗಿಟ್ಟು ಸ್ಟೀಲ್‌ದು ತರಿಸ್ದೆ, ಈ ರಿವ್ಯೂ ಅದ್ರದ್ದು.

ಸ್ಟೀಲ್ ಫೂಟ್ ಅಂಗೈಯಲ್ಲಿ ಇಟ್ಕೊಂಡ್ರೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ದು. ಮಗುಚಿ ನೋಡಿದ್ರೆ ಕೆಳಗೆ ಕಾಲುವೆ ಥರ ಎರಡು ತೋಡು, ಮಧ್ಯದಲ್ಲಿ ಸೂಜಿಗೆ ಒಂದು ಚಿಕ್ಕ ಕಿಂಡಿ. ಜಿಪ್‌ನ ಹಲ್ಲು ತೋಡಿನೊಳಗೆ ಕೂತ್ಕೊಂಡ್ರೆ ಅದೇ ಸುರುಳಿನ ನಿಲ್ಲಿಸಿ ಹಿಡ್ಕೊಳ್ಳುತ್ತೆ, ಸೂಜಿ ಹಲ್ಲಿನ ಬುಡಕ್ಕೇ ಬೀಳುತ್ತೆ. ಒಂದು ಕಡೆ ಟೇಪ್‌ಗೆ ಒಂದು ತೋಡು, ಇನ್ನೊಂದು ಕಡೆಗೆ ಇನ್ನೊಂದು. ಕೈ ಬರೀ ಬಟ್ಟೆ ನಡೆಸಿದ್ರೆ ಸಾಕು. ಬಟ್ಟೆಯ ಒಳ್ಳೆ ಕಡೆಗೆ ಜಿಪ್‌ನ ಒಳ್ಳೆ ಕಡೆ ಇಟ್ಟು ಕಚ್ಚಾ ಹೊಲಿಗೆ ಹಾಕ್ಕೊಂಡಿದ್ದೆ, ಗುಂಡುಪಿನ್ ಹಾಕಿದ್ರೆ ಸ್ಯಾಟಿನ್ ಮೇಲೆ ಗುರುತು ಬೀಳುತ್ತೆ ಅಂತ. 70/10 ಮೈಕ್ರೋಟೆಕ್ಸ್ ಸೂಜಿ, ಅಂದ್ರೆ 0.7 ಮಿಲಿಮೀಟರ್ ದಪ್ಪದ, ತುಂಬ ಚೂಪು ತುದಿದು, ಹೊಲಿಗೆ ಉದ್ದ 2.5 ಮಿಲಿಮೀಟರ್. ಮೇಲಿಂದ ಕೆಳಗೆ ನಿಧಾನಕ್ಕೆ ಹೋದೆ, ಎರಡನೇ ಬದಿ ಮುಗಿಸಿ ಜಿಪ್ ಎಳೆದಾಗ ಬೆನ್ನಿನ ಮೇಲೆ ಗೆರೆ ಒಂದೇ ಇತ್ತು, ತುದಿಯಲ್ಲಿ ನೀರಿನ ಹನಿ ಥರ ಆ ಚಿಕ್ಕ ಪುಲ್ಲರ್. ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು, ಅಷ್ಟು ದಿನದ ಬಟ್ಟೆ ಅದು.

ಆದ್ರೆ ಫೂಟ್ ಒಂದೇ ಎಲ್ಲಾ ಮಾಡಲ್ಲ. ಜಿಪ್‌ನ ಬಿಚ್ಚಿ, ಹಿಂಬದಿಯಿಂದ ಕಮ್ಮಿ ಶಾಖದಲ್ಲಿ ಇಸ್ತ್ರಿ ಮಾಡಿ ಸುರುಳಿನ ಮಟ್ಟಸ ಮಾಡ್ಲೇಬೇಕು, ಶಾಖ ಜಾಸ್ತಿ ಆದ್ರೆ ನೈಲಾನ್ ಹಲ್ಲು ಕರಗುತ್ತೆ. ಓಪನಿಂಗ್ ಅಂಚಿಗೆ ಒಳಗಡೆ ಒಂದಿಂಚು ಫ್ಯೂಸಿಂಗ್ ಪಟ್ಟಿ, ಅಂದ್ರೆ ಇಸ್ತ್ರಿ ಶಾಖಕ್ಕೆ ಅಂಟೋ ಪಟ್ಟಿ, ಅಂಟಿಸಿ, ಇಲ್ಲಾಂದ್ರೆ ಸ್ಯಾಟಿನ್ ಹಿಗ್ಗಿ ಜಿಪ್ ಅಲೆ ಅಲೆಯಾಗುತ್ತೆ. ಜಿಪ್ ಓಪನಿಂಗ್‌ಗಿಂತ ಒಂದೆರಡು ಇಂಚು ಉದ್ದ ಇರ್ಲಿ, ಯಾಕಂದ್ರೆ ಫೂಟ್ ರನ್ನರ್ (ಜಿಪ್‌ನಲ್ಲಿ ಮೇಲೆ ಕೆಳಗೆ ಜಾರೋ ಭಾಗ) ಹತ್ರ ಬಂದು ನಿಂತುಬಿಡುತ್ತೆ, ಅದ್ರಿಂದಾಚೆಗೆ ಹೋಗಲ್ಲ. ಅದ್ರ ಕೆಳಗಿನ ಜೋಡಣೆನ ಆಮೇಲೆ ಮಾಮೂಲಿ ಜಿಪ್ ಫೂಟ್‌ನಲ್ಲಿ ಹೊಲೀರಿ, ಇದ್ರಲ್ಲಿ ಪ್ರಯತ್ನ ಪಡ್ಬೇಡಿ.

ಸೊಂಟದ ಜೋಡಣೆ ಹತ್ರ ನಂಗೆ ಕಷ್ಟ ಆಯ್ತು. ಟಾಪು ಸ್ಕರ್ಟು ಸೇರೋ ಜಾಗ ದಪ್ಪ, ಹಲ್ಲು ತೋಡಿನಿಂದ ಎದ್ದು ಬರುತ್ತೆ, ಈ ಫೂಟ್‌ನಲ್ಲಿ ನಂಗೆ ಕಂಡ ದೊಡ್ಡ ಕೊರತೆ ಇದೇ. ಒಳಗಿನ ಮಾರ್ಜಿನ್ ಕತ್ತರಿಸಿ ತೆಳ್ಳಗೆ ಮಾಡಿ, ಆ ಅರ್ಧ ಇಂಚು ಕೈಯಲ್ಲೇ ಚಕ್ರ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿ ದಾಟಿಸ್ದೆ. ಇನ್ನೊಂದು, ಮೊದಲನೇ ಬದಿ ಹೊಲಿದ್ಮೇಲೆ ಜಿಪ್ ಮುಚ್ಚಿ ಸೊಂಟದ ಗೆರೆ ಎಲ್ಲಿ ಬರುತ್ತೆ ಅಂತ ಇನ್ನೊಂದು ಟೇಪ್ ಮೇಲೆ ಚಾಕ್‌ನಲ್ಲಿ ಗುರುತು ಹಾಕ್ಕೊಳ್ಳಿ. ಹಾಕ್ದೇ ಇದ್ರೆ ಎರಡು ಬದಿ ಸೊಂಟ ಮೇಲೆ ಕೆಳಗೆ ಆಗುತ್ತೆ, ಬೆನ್ನಿನ ಮಧ್ಯ ಅದು ಎದ್ದು ಕಾಣುತ್ತೆ.

ತಗೊಳ್ಳೋ ಮುಂಚೆ ನಿಮ್ಮ ಮಷಿನ್ ಲೋ ಶ್ಯಾಂಕಾ ಹೈ ಶ್ಯಾಂಕಾ, ಅಂದ್ರೆ ಫೂಟ್ ಕೂರಿಸೋ ಜಾಗ ತಗ್ಗಲ್ಲಿದ್ಯಾ ಎತ್ತರದಲ್ಲಿದ್ಯಾ, ನೋಡ್ಕೊಳ್ಳಿ, ನಂದು ಲೋ ಶ್ಯಾಂಕ್, ಸ್ಕ್ರೂ ಹಾಕಿ ಕೂರಿಸೋ ಥರದ್ದು. ಸ್ಕ್ರೂ ಬಿಗಿಯಾಗಿ ತಿರುಗ್ಸಿ, ನಡುವೆ ಒಂದ್ಸಲ ಸಡಿಲ ಆಗಿದ್ದು ಸದ್ದಲ್ಲೇ ಗೊತ್ತಾಗಿ ನಿಲ್ಲಿಸ್ದೆ, ಇಲ್ಲಾಂದ್ರೆ ಸೂಜಿ ಫೂಟ್‌ಗೆ ಬಡೀತಿತ್ತು. ಹಾಕಿದ ತಕ್ಷಣ ಚಕ್ರ ಕೈಯಲ್ಲಿ ತಿರುಗಿಸಿ ಸೂಜಿ ಕಿಂಡಿ ಮಧ್ಯದಲ್ಲೇ ಇಳಿಯುತ್ತಾ ನೋಡಿ.

ನಾನು ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಮ್ಮಿ ಮಾಡಿದ್ದು ಆ ಸೊಂಟದ ಜಾಗಕ್ಕೆ. ಸ್ಯಾಟಿನ್‌ನಲ್ಲಿ ಉಳಿದಿರೋದು ಅಂಗೈ ಅಗಲದ ಒಂದು ಪಟ್ಟಿ, ಅದನ್ನ ಎಸೀದೇ ಮುಂದಿನ ಸಲ ಜಿಪ್ ಟ್ರಯಲ್‌ಗೆ ಅಂತ ಫೂಟ್ ಜೊತೆಗೇ ಸುತ್ತಿಟ್ಟಿದೀನಿ.